ಗ್ವಾಡಿ ಎಷ್ಟು ದಪ್ಪ ಐತ್ರಿ?

ಬೆಳಗಾವಿಗೆ ಹೊಸದಾಗಿ ಬಂದವರಿಗೆ ನಾವು ಮೊದಲು ಹೇಳುವ ಬುದ್ಧಿಮಾತು: ಚಹಾದಂಗಡಿಯಲ್ಲಿ ಗಡಿಯ ವಿಷಯ ತೆಗೆಯಬೇಡಿ. ಹಾಗೆ ಹೇಳುವ ನಾನೇ ಈಗ ಒಂದು ಗಡಿಯ ಬಗ್ಗೆ ಬರೆಯಲು ಕೂತಿದ್ದೇನೆ. ಭಯ ಬೇಡ, 1967ರ ಮಹಾಜನ ವರದಿಯಲ್ಲಿ ಇದರ ಉಲ್ಲೇಖವಿಲ್ಲ. ನಮ್ಮ ಮನೆಯ ದೇವರಮನೆಗೂ ಅಡಿಗೆಮನೆಗೂ ನಡುವೆ ಇರುವ ಹೊಸ್ತಿಲೇ ಆ ಗಡಿ. ಈಚೆ ವೈಫೈ ಇದೆ, ಆಚೆ ಇಲ್ಲ.

ನಮ್ಮದು ಶಹಾಪುರ. 1948ರವರೆಗೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ, ಸೀರೆಗೆ ಹೆಸರಾದ ನೇಕಾರರ ಪೇಟೆ. ಇಲ್ಲಿನ ಹಳೆಯ ಮನೆಗಳು ಬೀದಿಗೆ ತೋರಿಸುವ ಮುಖ ಚಿಕ್ಕದು. ಒಳಗೆ ಹೊಕ್ಕರೆ ಮುಗಿಯುವುದೇ ಇಲ್ಲ. ಪಡಸಾಲೆ, ನಡುಮನೆ, ದೇವರಮನೆ, ಅಡಿಗೆಮನೆ, ಬಚ್ಚಲು, ಹಿತ್ತಲು. ಹಿತ್ತಲಿನ ಮೆಟ್ಟಿಲು ಹತ್ತಿದರೆ ಮೇಲೊಂದು ಖೋಲಿ. ಮುಂಬಾಗಿಲಲ್ಲಿ ನಿಂತು "ಅದಾರೇನ್ರಿ ಮನ್ಯಾಗ?" ಎಂದು ಕೂಗಿದವರು, ಹಿಂದಿನಿಂದ "ಓ" ಎನ್ನುವ ಹೊತ್ತಿಗೆ ಮುಂದಿನ ಮನೆಗೆ ಹೋಗಿರುತ್ತಾರೆ. ಮಗ ಬೆಂಗಳೂರಿನ ಕಂಪನಿಯ ಕೆಲಸ ಮಾಡುವುದು ಆ ಮೇಲಿನ ಖೋಲಿಯಲ್ಲಿ. ರೌಟರ್ ಇರುವುದು ಪಡಸಾಲೆಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಮೇಲ್ಗಡೆ.

ಅದು ಅಲ್ಲೇ ಯಾಕೆ ಎಂದರೆ, ವೈರು ಅಲ್ಲಿಗೆ ಮುಗಿಯಿತು. ಕನೆಕ್ಷನ್ ಕೊಡಲು ಬಂದ ಹುಡುಗ ಕಂಬದಿಂದ ಎಳೆದುಕೊಂಡು ಬಂದು, ಕಿಟಕಿಯ ಸಂದಿಯಲ್ಲಿ ತೂರಿಸಿ, ಕೈಗೆ ಸಿಕ್ಕ ಮೊಳೆಗೆ ರೌಟರ್ ತೂಗುಹಾಕಿ, ಅದರ ಎದುರೇ ನಿಂತು ತನ್ನ ಮೊಬೈಲ್ ತೋರಿಸಿದ. "ನೋಡ್ರಿ ಕಾಕಾ, ಫುಲ್ ಕಡ್ಡಿ." ನಮ್ಮ ದೇಶದ ಬಹುಪಾಲು ರೌಟರುಗಳ ಜಾಗ ಹೀಗೇ ನಿರ್ಧಾರವಾಗುತ್ತದೆ ಎಂದು ನನ್ನ ಬಲವಾದ ಗುಮಾನಿ. ಮನೆ ಕಟ್ಟುವಾಗ ಒಲೆ ಆಗ್ನೇಯಕ್ಕೇ ಇರಬೇಕೆಂದು ಮೂರು ಮಂದಿಯನ್ನು ಕೇಳುವವರು, ಇದನ್ನು ಎಲ್ಲಿಡಬೇಕೆಂದು ಯಾರನ್ನೂ ಕೇಳುವುದಿಲ್ಲ.

ಸಿಟ್ಟು ಬರುವ ಸಂಗತಿ ಬೇರೆಯೇ ಇದೆ. ನಮ್ಮ ಅಡಿಗೆಮನೆಗೆ ಬರಲಾರದ ಸಿಗ್ನಲ್ಲು ಪಡಸಾಲೆಯ ಕಿಟಕಿಯಿಂದ ಹಾರಿ ಪಕ್ಕದ ಮನೆಗೆ ಧಾರಾಳವಾಗಿ ಹೋಗುತ್ತದೆ. ಪಕ್ಕದ್ದು ಕಾಕಾನ ಮಕ್ಕಳ ಮನೆ. ಹಿಸೆಯಾದಾಗ ಬಾವಿ, ಹಿತ್ತಲು, ಕಡೆಗೆ ಬೀಸುಕಲ್ಲಿಗೂ ವಾದ ನಡೆದಿತ್ತು. ವೈಫೈ ಮಾತ್ರ ಯಾವ ಕಾಗದಪತ್ರವಿಲ್ಲದೆ ಇಬ್ಬರಿಗೂ ಸೇರಿದೆ. ಪಾಸ್‌ವರ್ಡು ಕೊಟ್ಟವರು ಯಾರೆಂದು ಕೇಳಿದರೆ ಅವ್ವ ಬೇರೆ ಕಡೆ ನೋಡುತ್ತಾಳೆ. ನೆಟ್ ಹೋದರೆ ಮೊದಲ ದೂರು ಬರುವುದೂ ಆ ಕಡೆಯಿಂದಲೇ: "ಏನ್ ಭಾವಾರs, ಬಿಲ್ಲು ತುಂಬಿಲ್ಲೇನು?"

ವಿಜ್ಞಾನದ ಕಡೆಯಿಂದ ನೋಡಿದರೆ ಇದರಲ್ಲಿ ಪವಾಡವೇನಿಲ್ಲ. ಗಾಜು, ಕಟ್ಟಿಗೆ ದಾಟುವುದು ಈ ಅಲೆಗಳಿಗೆ ಸುಲಭ. ದಪ್ಪ ಗೋಡೆ ಕಷ್ಟ. ನೀರು ಅವನ್ನು ಕುಡಿಯುತ್ತದೆ. ಲೋಹ ಹೊಡೆದು ಹಿಂದಕ್ಕೆ ಕಳಿಸುತ್ತದೆ. ನಮ್ಮ ಅಡಿಗೆಮನೆಯ ಗೋಡೆಗೆ ನೆಲದಿಂದ ಜಂತಿಯವರೆಗೆ ಸ್ಟೀಲಿನ ಭಾಂಡೆ ಹೊಂದಿಸಿದೆ. ಅದರ ಬೆನ್ನಿಗೆ ಬಚ್ಚಲಿನ ತಾಮ್ರದ ಹಂಡೆ, ನೀರು ತುಂಬಿದ್ದು. ಶತ್ರುದೇಶದವರು ಯೋಚಿಸಿ ಕಟ್ಟಿದ್ದರೂ ಇಷ್ಟು ಗಟ್ಟಿ ಕೋಟೆಯಾಗುತ್ತಿರಲಿಲ್ಲ. ಎಂಜಿನಿಯರಿಂಗ್ ಓದುವ ನಮ್ಮ ಅಣ್ಣನ ಮಗ, ಜಗದೀಶಚಂದ್ರ ಬೋಸರು 1895ರಲ್ಲೇ ಕಲ್ಕತ್ತದ ಟೌನ್ ಹಾಲಿನಲ್ಲಿ ವೈರಿಲ್ಲದ ಅಲೆಯನ್ನು ಗೋಡೆ ದಾಟಿಸಿ, ನಡುವೆ ನಿಂತ ಲೆಫ್ಟಿನೆಂಟ್ ಗವರ್ನರರ ಮೈಯನ್ನೂ ದಾಟಿಸಿ, ಆಚೆ ಗಂಟೆ ಬಾರಿಸಿದ್ದರೆಂದು ಹೇಳಿದ. "ಗವರ್ನರರನ್ನ ದಾಟೂದು ಸುಲಭೋ" ಎಂದೆ, "ನಿಮ್ಮ ಕಾಕೂನ ಭಾಂಡೆ ದಾಟಿಸಿ ತೋರಸು."

ಅಲೆಗಳಲ್ಲೂ ಎರಡು ಜಾತಿ. 2.4 ಗಿಗಾಹರ್ಟ್ಸಿನದು ದೂರ ಹೋಗುತ್ತದೆ, ವೇಗ ಕಡಿಮೆ. 5ರದು ವೇಗದ್ದು, ಗೋಡೆ ಕಂಡರೆ ಹೆದರುತ್ತದೆ. ಮೊದಲನೆಯದು ನಮ್ಮೂರ ಗಾಯರಾಣ ಇದ್ದ ಹಾಗೆ. 2005ರ ಜನವರಿಯಲ್ಲಿ ಸರ್ಕಾರ ಅದಕ್ಕೆ ಲೈಸೆನ್ಸ್ ಬೇಡವೆಂದಿತು. ಅಲ್ಲಿಂದ ಎಲ್ಲರ ದನವೂ ಅಲ್ಲೇ. ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಒಂದೇ ಹುಲ್ಲಿಗೆ ಬಾಯಿ ಹಾಕುತ್ತವೆ. ಶಹಾಪುರದಂಥ ಒತ್ತೊತ್ತು ಗಲ್ಲಿಯಲ್ಲಿ ಮೊಬೈಲ್ ತೆರೆದರೆ ಕಾಣುವ ನೆಟ್‌ವರ್ಕ್ ಹೆಸರುಗಳ ಪಟ್ಟಿ ನಮ್ಮ ವಾರ್ಡಿನ ಮತದಾರರ ಪಟ್ಟಿಗಿಂತ ಪೂರ್ಣವಾಗಿರುತ್ತದೆ.

ಪರಿಹಾರ ಕೊಳ್ಳಲು ಖಡೇಬಜಾರಿನ ಕಡೆ ಹೋದೆವು. ಅಂಗಡಿಯವನು ಡಬ್ಬಿಗಳನ್ನು ಸೀರೆ ಹರಡಿದಂತೆ ಹರಡಿದ. ಡಬ್ಬಿಯ ಮೇಲಿನ ಚಿತ್ರ ನೋಡಬೇಕು: ಇಳಿಜಾರು ಮಾಡಿನ ಪರದೇಶದ ಮನೆ, ಮೂರು ಮಹಡಿ, ಪ್ರತಿ ಕೋಣೆಯಲ್ಲೂ ನಗುವ ಒಬ್ಬೊಬ್ಬರು, ಎಲ್ಲರ ಮೇಲೂ ನೀಲಿ ಅಲೆಗಳ ಆಶೀರ್ವಾದ. ಆ ದೇಶಗಳಲ್ಲಿ ಒಳಗೋಡೆ ಎಂದರೆ ಎಷ್ಟೋ ಕಡೆ ಕಟ್ಟಿಗೆಯ ಚೌಕಟ್ಟಿಗೆ ಬಡಿದ ಜಿಪ್ಸಮ್ ಹಲಗೆ. ಮೊಳೆ ಹೊಡೆದರೆ ಮೊಳೆಯ ಜೊತೆ ಕೈಯೂ ಆಚೆ ಹೋದೀತು. ಅಂಥ ಮನೆಯನ್ನು ತೋರಿಸಿ 'ಇಷ್ಟು ಚದರಡಿ ವ್ಯಾಪ್ತಿ' ಎಂದು ಬರೆದದ್ದನ್ನು ಇಟ್ಟಿಗೆ ಮಣ್ಣಿನ ಗೋಡೆಗೆ ಹೇಗೆ ಹೊಂದಿಸುವುದು? '1200' ಎಂಬ ದಪ್ಪ ಅಂಕಿಯೂ ಹಾಗೆಯೇ. ಒಂದು ಬ್ಯಾಂಡಿನ 300, ಇನ್ನೊಂದರ 867, ಎರಡನ್ನೂ ಕೂಡಿಸಿ, ಕೂಡಿಸಿದ್ದಕ್ಕೂ ಸ್ವಲ್ಪ ಸೇರಿಸಿ 1200. ಮನೆಗೆ ಕಂಬದಿಂದ ಬರುವುದೇ 100. ಗಂಡ ಹೆಂಡತಿ ಇಬ್ಬರ ವಯಸ್ಸು ಕೂಡಿಸಿ ಶತಾಯುಷಿ ಸನ್ಮಾನ ತೆಗೆದುಕೊಂಡರೆ ಯಾರಾದರೂ ಒಪ್ಪುತ್ತಾರೆಯೇ?

ಅಂಗಡಿಯವನು ಮನೆ ಎಷ್ಟು ಚದರಡಿ ಎಂದು ಕೇಳಿದ, ಎಷ್ಟು ಮೊಬೈಲು, ಎಷ್ಟು ಟೀವಿ, ಬಜೆಟ್ ಎಷ್ಟು ಎಂದು ಕೇಳಿದ. ಗೋಡೆ ಯಾವುದರದ್ದು ಎಂದು ಕೇಳಲಿಲ್ಲ. ಕೇಳಬೇಕಾದದ್ದು ಅದೊಂದೇ ಆಗಿತ್ತು.

ಕರೆಂಟಿನ ವೈರಿನಲ್ಲೇ ಇಂಟರ್ನೆಟ್ ಹರಿಸುವ ಸಾಧನವೂ ಇತ್ತು. ಆಸೆಯಾಯಿತು. ಆದರೆ ಅದಕ್ಕೆ ಎರಡೂ ತುದಿ ಒಂದೇ ಮೀಟರಿನ ಕೆಳಗೆ, ಸಾಧ್ಯವಾದರೆ ಒಂದೇ ಫೇಸಿನಲ್ಲಿರಬೇಕು. ನಮ್ಮಲ್ಲಿ ಹಿಸೆಯಾದಾಗ ಮೀಟರೂ ಹಿಸೆಯಾಗಿದೆ. ಮೇಲಿನ ಖೋಲಿಯ ಕರೆಂಟು ಯಾರ ಮೀಟರಿನಿಂದ ಬರುತ್ತದೆ ಎಂಬ ಪ್ರಶ್ನೆ ಎತ್ತಿದರೆ ಇಂಟರ್ನೆಟ್ಟಿಗಿಂತ ಮೊದಲು ವಕೀಲರು ಬರುತ್ತಾರೆ. ಮೆಶ್ ಎಂದರೆ ಸಿಗ್ನಲ್ಲನ್ನು ಒಂದರಿಂದ ಒಂದಕ್ಕೆ ದಾಟಿಸುವ ಮೂರು ಬಿಳಿ ಡಬ್ಬಿಗಳ ಕುಟುಂಬ. ಬೆಲೆ ಕೇಳಿದ ಅವ್ವ ಫೋನಿನಲ್ಲೇ "ಒಳಗ ಬಂಗಾರ ಐತೇನು?" ಎಂದಳು. ಕೊನೆಗೆ ತಂದದ್ದು, ಗೋಡೆಯ ಪ್ಲಗ್ಗಿಗೆ ನೇರ ಚುಚ್ಚುವ ಎಕ್ಸ್‌ಟೆಂಡರ್.

ಇದರ ಸ್ವಭಾವ ತಿಳಿಯದೆ ತಂದವರೆಲ್ಲ ಅದನ್ನು ಸಿಗ್ನಲ್ ಸತ್ತ ಮೂಲೆಯಲ್ಲೇ ಚುಚ್ಚುತ್ತಾರೆ. ಅಲ್ಲಿ ಅದಕ್ಕೇ ಏನೂ ಕೇಳಿಸದು, ಇನ್ನು ಹೇಳುವುದೇನನ್ನು? ಅದು ಅರ್ಧ ದಾರಿಯಲ್ಲಿರಬೇಕು, ಸಿಗ್ನಲ್ ಇನ್ನೂ ಗಟ್ಟಿಯಿರುವಲ್ಲಿ. ಅಗ್ಗದ್ದಾದರೆ ಕೇಳುವುದೂ ಹೇಳುವುದೂ ಒಂದೇ ಚಾನೆಲ್ಲಿನಲ್ಲಿ; ಕೇಳುವಾಗ ಹೇಳಲಾರದು, ಹೇಳುವಾಗ ಕೇಳಲಾರದು, ಹೀಗಾಗಿ ವೇಗ ಹತ್ತಿರಹತ್ತಿರ ಅರ್ಧಕ್ಕೆ ಬೀಳುತ್ತದೆ. ಇರಲಿ, ಸೊನ್ನೆಗಿಂತ ಅರ್ಧ ದೊಡ್ಡದು. ಆದರೆ ನಮ್ಮ ಮನೆಯ ಅರ್ಧ ದಾರಿ ಎಂದರೆ ದೇವರಮನೆ. ಅಲ್ಲಿರುವ ಪ್ಲಗ್ಗು ಒಂದೇ, ಅದೂ ಚೌತಿ ಗಣಪತಿಯ ಲೈಟಿನ ಸರಕ್ಕಾಗಿ ಹಾಕಿಸಿದ್ದು.

ಮಾತುಕತೆ ಸುಲಭವಿರಲಿಲ್ಲ. "ಅದರಾಗ ಎಂಥೆಂಥಾ ಸಿನಿಮಾ ಹರಿದಾಡತಾವೋ, ದೇವರ ಮುಂದ ಬ್ಯಾಡ" ಎಂಬುದು ಅವ್ವನ ತಕರಾರು. ಅವು ಈಗಲೂ ಎಲ್ಲ ಕಡೆ, ದೇವರ ಮೂಗಿನ ಮುಂದೆಯೂ ಹರಿದಾಡುತ್ತಿವೆ ಎಂಬ ಸತ್ಯ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮೊಮ್ಮಗ, ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಸಿದ್ಧಾರೂಢರ ಭಜನೆ ಕೇಳಬಹುದು ಎಂದ. ಆ ಒಂದು ಮಾತಿಗೆ ಮಂಜೂರಾತಿ ಸಿಕ್ಕಿತು. ಕರಾರು: ಮೈಲಿಗೆಯ ಕೈಯಲ್ಲಿ ಯಾರೂ ರಿಸೆಟ್ ಬಟನ್ ಒತ್ತಬಾರದು. ಮಹಾನವಮಿಯ ಖಂಡೆಪೂಜೆಯಲ್ಲಿ ಅದಕ್ಕೂ ಕುಂಕುಮ ಬಿತ್ತು, ಗಾಳಿಯಾಡುವ ಸಂದಿ ಬಿಟ್ಟು.

ಇಲ್ಲೊಂದು ಮಾತು. ಮೊದಲು ಮನೆಮಂದಿಯೆಲ್ಲ ಸಿಗ್ನಲ್ಲಿಗಾಗಿ ಪಡಸಾಲೆಯಲ್ಲಿ ಒಟ್ಟಿಗೆ ಕೂರುತ್ತಿದ್ದರು, ಈ ಯಂತ್ರ ಬಂದು ಎಲ್ಲರನ್ನೂ ಚದುರಿಸಿತು ಎಂದು ಕಣ್ಣೀರು ತರಿಸುವ ಲೇಖಕರಿದ್ದಾರೆ. ಒಟ್ಟಿಗೆ ಕೂತಾಗ ನಮ್ಮಲ್ಲಿ ನಡೆಯುತ್ತಿದ್ದದ್ದು ಜಗಳ. ಈಗ ಸುಖವಾಗಿದ್ದೇವೆ.

ಸುದ್ದಿ ಖಾನಾಪುರ ಮುಟ್ಟಲು ಹೊತ್ತಾಗಲಿಲ್ಲ. ಅಲ್ಲಿ ನಮ್ಮ ಮಾಮಾ ಇದ್ದಾರೆ, ಅವ್ವನ ತಮ್ಮ. "ಅಳಿಯಾ, ನನಗೂ ಹಂತಾದ್ದೊಂದು ತಗೊಂಡ ಬಾರೋ" ಎಂದರು. ನಾನು ಮೊದಲು ಕೇಳಿದ್ದು, "ಗ್ವಾಡಿ ಎಷ್ಟು ದಪ್ಪ ಐತ್ರಿ?" ಅತ್ತ ಕಡೆ ಬಹಳ ಹೊತ್ತು ಮಾತಿಲ್ಲ. ಮನೆ ಮಾರುವ ಮಾತು ಯಾರೋ ಎತ್ತಿರಬೇಕೆಂದು ಮಾಮಾ ತಿಳಿದರಂತೆ.

ದೇಸೂರು, ಇದ್ದಲಹೊಂಡ ದಾಟಿ ರೈಲು ಖಾನಾಪುರಕ್ಕೆ ಬಂದರೆ ಬಯಲುಸೀಮೆ ಮುಗಿದು ಮಲೆನಾಡಿನ ವಾಸನೆ ಶುರು. ಮಲಪ್ರಭೆ ಹುಟ್ಟುವ ಕಣಕುಂಬಿ ಇದೇ ತಾಲೂಕಿನದು. ಇಲ್ಲಿಯ ಮಣ್ಣು ಹೆಂಚಿಗೂ ಮಡಕೆಗೂ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇಲ್ಲೇ ಇದೆ. ಮಾಮಾನ ಮನೆಯೂ ಆ ಮಣ್ಣಿನ ಮೊಮ್ಮಗುವೇ: ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ದಪ್ಪ ಒಂದೂವರೆ ಅಡಿ, ಮೇಲೆ ಹೆಂಚು. ಮಳೆಗಾಲದಲ್ಲಿ ಆ ಕಲ್ಲು ತಿಂಗಳುಗಟ್ಟಲೆ ನೀರು ಹೀರಿಕೊಂಡು ನಿಲ್ಲುತ್ತದೆ. ಬೇಸಿಗೆಯಲ್ಲಿ ಹೇಗೋ ಒಂದು ಕೋಣೆ ದಾಟುತ್ತಿದ್ದ ಸಿಗ್ನಲ್ಲು ಆಷಾಢದಲ್ಲಿ ಹೊಸ್ತಿಲಲ್ಲೇ ಮಲಗುತ್ತದೆ. ಹೋಗಲು ಉಳಿದ ದಾರಿ ಮೇಲ್ಗಡೆ, ಜಂತಿ ಹೆಂಚುಗಳ ಸಂದಿಯಿಂದ. ಹಿಂದಿನ ಕೋಣೆಯಲ್ಲಿ ಮಾಮಾನಿಗೆ ಒಂದೂ ಕಡ್ಡಿ ಇಲ್ಲ, ಮಾಡಿನ ಮೇಲೆ ಕೂತ ಮಂಗ್ಯಾಗೆ ಫುಲ್ ಕಡ್ಡಿ.

ಇದೇ ತಾಲೂಕಿನ ಭೀಮಗಡ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಅಲ್ಲಿಯ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಎಂಬುವರ ಹೆಸರು ಹೊತ್ತ ಅಪರೂಪದ ಬಾವಲಿ ಇದೆ. ಕಗ್ಗತ್ತಲಲ್ಲಿ ತಾನೇ ಅಲೆ ಬಿಟ್ಟು, ಕಲ್ಲಿಗೆ ಬಡಿದು ಮರಳಿದ್ದನ್ನು ಕೇಳಿ ದಾರಿ ಹುಡುಕುವ ಪ್ರಾಣಿ. ಕಲ್ಲಿನ ಗೋಡೆಯನ್ನು ಉಪಯೋಗಕ್ಕೆ ತಂದುಕೊಂಡದ್ದು ಖಾನಾಪುರದಲ್ಲಿ ಅದೊಂದೇ.

ಎಕ್ಸ್‌ಟೆಂಡರ್ ಇಲ್ಲಿ ನಡೆಯುವಂತಿರಲಿಲ್ಲ. ಅರ್ಧ ದಾರಿ ಎಂದರೆ ಗೋಡೆಯ ಹೊಟ್ಟೆಯೊಳಗೇ ಚುಚ್ಚಬೇಕಿತ್ತು. ಮೆಶ್ ಡಬ್ಬಿಗಳೂ ಗಾಳಿಯಲ್ಲೇ ಒಂದಕ್ಕೊಂದು ಮಾತಾಡುವವು, ಅದೇ ಗೋಡೆ ಅಡ್ಡ. ಉಳಿದದ್ದು ಹಳೆಯ ಉಪಾಯ: ನೂರು ಮೀಟರಿನವರೆಗೆ ತಕರಾರಿಲ್ಲದೆ ನಡೆಯುವ ನೆಟ್‌ವರ್ಕ್ ಕೇಬಲ್ ಎಳೆದು, ಅದರ ತುದಿಗೆ ಆ್ಯಕ್ಸೆಸ್ ಪಾಯಿಂಟ್ ಎಂಬ ಚಿಕ್ಕ ಡಬ್ಬಿ ಕೂರಿಸುವುದು. ಗೋಡೆ ಕೊರೆಯಲು ಮಾಮಾ ಒಪ್ಪಲಿಲ್ಲ. ಅವರ ಅಜ್ಜ ಕಟ್ಟಿಸಿದ್ದು. ಹೀಗಾಗಿ ಮುಂದಿನ ಕಿಟಕಿಯಿಂದ ಹೊರಬಿದ್ದ ಕರಿ ಕೇಬಲ್ಲು ಅಂಗಳದ ಚಪ್ಪರದ ಕೆಳಗೆ ಹಾದು ಹಿಂದಿನ ಕೋಣೆಗೆ ಹೋಯಿತು. ಗುಡುಗು ಬಂದರೆ ಎರಡೂ ತುದಿ ಕೀಳಬೇಕೆಂದು ಹೇಳಿ ಬಂದೆ. ನೆಟ್ಟು ಅದ್ಭುತವಾಗಿ ಬಂತು. ಮಾಮಾ ಬೆಳಗಾವಿಯ ಎಲ್ಲ ನೆಂಟರಿಗೂ ವೀಡಿಯೋ ಕಾಲ್ ಮಾಡಿ ಹಿಂದಿನ ಕೋಣೆ ತೋರಿಸಿದರು.

ಮಳೆಗಾಲ ಶುರುವಾದ ಮೇಲೆ ಫೋನು. "ಅಳಿಯಾ, ಬರ್ತೈತಿ, ಹೋಗ್ತೈತಿ."

ಕೇಬಲ್ಲು ಜಗ್ಗಿದರೆ ತುದಿಯ ಪ್ಲಾಸ್ಟಿಕ್ ಕ್ಲಿಪ್ಪು ಸಡಿಲಾಗಿ ಹೀಗಾಗುತ್ತದೆ. ಖಾನಾಪುರದ ಮಳೆಯೂ, ನಮ್ಮ ಮಾಮಿಯೂ, ಚಪ್ಪರದ ಕೆಳಗೆ ಬಿಗಿಯಾಗಿ ಎಳೆದು ಕಟ್ಟಿದ ಗಟ್ಟಿ ಕರಿ ದಾರವೊಂದೂ ಒಟ್ಟಿಗೆ ಕಣ್ಮುಂದೆ ಬಂದವು.

"ಮಾಮಾ, ಕೇಬಲ್ ಮ್ಯಾಲೆ ಏನರ ಒಣಹಾಕ್ಯಾರೇನು ನೋಡ್ರಿ."

ಹೋಗಿ ನೋಡಿ ಬಂದರು. "ನಿಮ್ಮ ಮಾಮೀದು ಇಳಕಲ್ ಸೀರಿ ಒಂದು, ನನ್ನ ಧೋತ್ರ ಎರಡು, ಒಂದು ಕೌದಿ. ಯಾವುದು ತಗದ್ರ ಸ್ಪೀಡ್ ಬರ್ತೈತಿ?"