ಟಾಕಿ ಯಜಮಾನರು

ಟಾಕಿ ಯಜಮಾನರು ಹುಬ್ಬಳ್ಳಿ-ಧಾರವಾಡದ ಹಳೆಯ ಬಡಾವಣೆಗಳಲ್ಲಿ ಕಾಣಸಿಗುವ, ನಿವೃತ್ತಿಯ ನಂತರ ಪೂರ್ಣ ರೂಪ ತಾಳುವ ಒಂದು ಪ್ರಭೇದ. ಬೇರೆ ದೇಶದ ಸಿರಿವಂತರು ಬೇಸಿಗೆಗೆ ಮುಂಚೆ ಮನೆಯ ಈಜುಕೊಳ ತೊಳೆದು ಸಜ್ಜು ಮಾಡಿಕೊಂಡರೆ, ಇವರು ಅಂಗಳದ ನೆಲದೊಳಗಿನ ನೀರಿನ ಟಾಕಿ ತೊಳೆಯುತ್ತಾರೆ. ಎಂಟಡಿ ಉದ್ದ, ಆರಡಿ ಅಗಲ, ಆರಡಿ ಆಳದ ಟಾಕಿ ಸುಮಾರು 8,000 ಲೀಟರ್ ಹಿಡಿಯುತ್ತದೆ. ಯಜಮಾನರನ್ನು ಕೇಳಿದರೆ 10,000.

ಈ ಪ್ರಭೇದ ಬೆಳೆದದ್ದೇ ನಳದ ದೆಸೆಯಿಂದ. ಅವಳಿ ನಗರದ ನೀರು ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರದಿಂದ ಹೊರಟು, ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಬರುತ್ತದೆ. ಕಲಘಟಗಿ ಕಡೆಯ ನೀರಸಾಗರ ಹಳೆಯ ಮೂಲ. ಮಳೆ ಕೈಕೊಟ್ಟ ವರ್ಷ ಅದರ ತಳ ಕಾಣುತ್ತದೆ. 2008ರ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನಿಂದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬಂತು. ಅಲ್ಲಿ ಟಾಕಿ ಯಜಮಾನರು ಬದುಕಿ ಉಳಿಯುವುದು ಕಷ್ಟ. ವಾರಕ್ಕೊಮ್ಮೆ, ಅದೂ ನಡುರಾತ್ರಿ ನಳ ಕೆಮ್ಮುವ ಓಣಿಗಳಲ್ಲಿ ಅವರು ಹುಲುಸಾಗಿದ್ದಾರೆ. ನೀರು ಬಿಡುವ ವಾಲ್‌ಮನ್‌ನ ಮಗಳಿಗೆ ಹತ್ತನೇ ಇಯತ್ತೆಯಲ್ಲಿ ಎಷ್ಟು ಅಂಕ ಬಿದ್ದವೆಂಬುದೂ ಅವರಿಗೆ ಗೊತ್ತು.

ಶಿವರಾತ್ರಿ ದಾಟಿದೊಡನೆ ಲಕ್ಷಣಗಳು ತೋರುತ್ತವೆ. ಆದರೆ ಟಾಕಿ ತೊಳೆಯುವುದು ರಂಗಪಂಚಮಿಯ ಮರುದಿನವೇ. ಬಣ್ಣ ತೊಳೆದುಕೊಳ್ಳಲು ಓಣಿಯ ಹುಡುಗರು ಹೇಗಿದ್ದರೂ ಟಾಕಿಯನ್ನು ಬಹುತೇಕ ಬರಿದು ಮಾಡಿರುತ್ತಾರೆ. ಹೊಸ ನೀರು ಚೆಲ್ಲುವ ಸಂಕಟವಿಲ್ಲ.

ಬೆಳಿಗ್ಗೆ ಆರಕ್ಕೆ ಯಜಮಾನರು ನೆರೆಮನೆಯ ಬಾಗಿಲು ತಟ್ಟುತ್ತಾರೆ. "ಸ್ವಲ್ಪ ನಿಚ್ಚಣಿಕಿ ಕೊಡ್ರಿ. ಹಂಗ ನೀವೂ ಬರ್ರಿ." ಮುಚ್ಚಿದ ಟಾಕಿಯಲ್ಲಿ ಗಾಳಿ ಕೆಟ್ಟಿರಬಹುದು, ಮುಚ್ಚಳ ತೆಗೆದು ಬಹಳ ಹೊತ್ತು ಬಿಡಬೇಕು, ಒಬ್ಬರೇ ಇಳಿಯಬಾರದು, ಮೇಲೊಬ್ಬರು ನಿಂತಿರಲೇಬೇಕು. ಈ ಮಾತಿನಲ್ಲಿ ಅವರನ್ನು ನೋಡಿ ಯಾರೂ ನಗುವಂತಿಲ್ಲ. ಪ್ರಶ್ನೆ ಇರುವುದು ಇಳಿಯುವವರು ಯಾರು ಎಂಬುದರಲ್ಲಿ. ಟಾಕಿಯ ಬಾಯಿ ಎರಡಡಿ ಚೌಕ. ಯಜಮಾನರ ಹೊಟ್ಟೆ ಆ ಅಳತೆಯನ್ನು ಎಂದೋ ಮೀರಿದೆ. "ನೀವು ಸಣಕಲ ಅದೀರಿ" ಎಂಬ ಒಂದೇ ಅರ್ಹತೆಯ ಮೇಲೆ ನೆರೆಯವನು ಒಳಗಿಳಿಯುತ್ತಾನೆ. ಹತ್ತೊಂಬತ್ತು ವರ್ಷಗಳಿಂದ ಇಳಿಯುತ್ತಲೇ ಇದ್ದಾನೆ. ಈ ನಡುವೆ ಅವನೂ ದಪ್ಪಗಾದ. ಹೋದ ವರ್ಷ ಹತ್ತುವಾಗ ಬಾಯಲ್ಲಿ ಸಿಕ್ಕಿಕೊಂಡಿದ್ದಾಗ ಯಜಮಾನರು ಕೈ ಕೊಡಲಿಲ್ಲ. "ಮೂಲ್ಯಾಗ ಪಾಚಿ ಉಳದೈತಿ, ಹಂಗ ಇನ್ನೊಮ್ಮೆ ಇಳೀರಿ" ಎಂದರು.

ಪಾಚಿಯ ವಿಷಯದಲ್ಲೂ ಅವರ ಹಟಕ್ಕೆ ಆಧಾರವಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಅಂಚಿನ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಖಾಲಿಯಾದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಗೋಡೆ ತಿಕ್ಕದೆ ಬರೀ ನೀರು ಚೆಲ್ಲಿದರೆ ಫಲವಿಲ್ಲ. ತೊಳೆದು ಮತ್ತೆ ತುಂಬಿದ ನೀರಿಗೆ ಹಾಕುವ ಬ್ಲೀಚಿಂಗ್ ಪುಡಿಯಲ್ಲಿ ಮೂರನೇ ಒಂದು ಪಾಲು ಕ್ಲೋರಿನ್ ಇದ್ದರೆ 1,000 ಲೀಟರಿಗೆ 3 ಗ್ರಾಂ ಸಾಕು. ಯಜಮಾನರು ಅದನ್ನು ಬಂಗಾರದ ಅಂಗಡಿಯವರಂತೆ ತೂಗುತ್ತಾರೆ, ಆಮೇಲೆ ನಂಬಿಕೆ ಸಾಲದೆ ಒಂದು ಚಮಚ ಜಾಸ್ತಿ ಸುರಿಯುತ್ತಾರೆ. ಎರಡು ದಿನ ಓಣಿಯವರ ಚಹಾದಲ್ಲಿ ಆಸ್ಪತ್ರೆಯ ವಾಸನೆ.

ಓಣಿಯವರ ಚಹಾ ಎಂದದ್ದು ಸುಮ್ಮನಲ್ಲ. ಏಪ್ರಿಲ್ ಕೊನೆಯಲ್ಲಿ ನಳ ಹತ್ತು ದಿನ ಮುಷ್ಕರ ಹೂಡಿದಾಗಲೂ ಕೊಡ ಹಿಡಿದು ನಿಂತ ಯಾರನ್ನೂ ಈ ಯಜಮಾನರು ಬರಿಗೈಯಲ್ಲಿ ಕಳಿಸಿದ್ದಿಲ್ಲ. ಉಪದೇಶ ಮಾತ್ರ ಕೊಡಕ್ಕೊಂದರಂತೆ ಉಚಿತ.

ಮೊದಲೆಲ್ಲ ಟಾಕಿ ಬರಿದು ಮಾಡುವ ಮುನ್ನ ಮೊಣಕಾಲುದ್ದ ನೀರು ಉಳಿಸಿ, ಪುಣೆಯಿಂದ ರಜೆಗೆ ಬಂದ ಮೊಮ್ಮಕ್ಕಳನ್ನು ಒಂದು ತಾಸು ಒಳಗೆ ಬಿಡುತ್ತಿದ್ದರು. ಆಗ ಟಾಕಿ ತೊಳೆಯುವುದು ಮೇ ತಿಂಗಳಲ್ಲಿ. ಮಕ್ಕಳ ಕೂಗು ಕಾಂಕ್ರೀಟಿಗೆ ಬಡಿದು ಬೀದಿಯವರೆಗೆ ಕೇಳುತ್ತಿತ್ತು. ಮೊಮ್ಮಕ್ಕಳಿಗೀಗ ಅವರ ಅಪಾರ್ಟ್‌ಮೆಂಟಿನಲ್ಲೇ ಈಜುಕೊಳವಿದೆ. ಯಜಮಾನರು ಈಗಲೂ ತಳದಲ್ಲಿ ಒಂದಿಷ್ಟು ನೀರು ಉಳಿಸುತ್ತಾರೆ, ಯಾಕೆಂದು ಹೇಳುವುದಿಲ್ಲ. ನೆರೆಯವನೂ ಕೇಳುವುದಿಲ್ಲ, ಪ್ಯಾಂಟು ಮಡಚಿ ಅದರಲ್ಲಿ ಒಂದೈದು ನಿಮಿಷ ಸುಮ್ಮನೆ ನಿಂತು, ಆಮೇಲೆ ಕಸಬರಿಗೆ ಎತ್ತಿಕೊಳ್ಳುತ್ತಾನೆ.

ಕೆಲಸ ಮುಗಿದಾಗ ಮಧ್ಯಾಹ್ನ ಒಂದು ಗಂಟೆ. ಯಜಮಾನರ ಮನೆಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ ಊಟ. ನಿಚ್ಚಣಿಕೆ ಮುಂದಿನ ರಂಗಪಂಚಮಿಯವರೆಗೆ ಅವರ ಹಿತ್ತಲಲ್ಲೇ ಇರುತ್ತದೆ.