ಮೂವತ್ತಾರೂವರೆ ಗಂಟೆಯ ಶನಿವಾರ

ಟಿಕೆಟ್ ಕೈಗೆ ಬಂದಾಗ ನನ್ನ ಕಣ್ಣು ಬಿದ್ದದ್ದು ಎರಡೇ ಸಾಲಿನ ಮೇಲೆ. ಬೆಂಗಳೂರು ಬಿಡುವುದು ಶನಿವಾರ ಮಧ್ಯಾಹ್ನ 2ಕ್ಕೆ, ಸ್ಯಾನ್ ಫ್ರಾನ್ಸಿಸ್ಕೋ ತಲುಪುವುದು ಅದೇ ಶನಿವಾರ ಸಂಜೆ 6ಕ್ಕೆ. ನಾಲ್ಕೇ ಗಂಟೆ! 'ಹುಬ್ಬಳ್ಳಿ ಬಸ್ಸಿಗಿಂತ ವಾಸಿ ಕಣೇ' ಎಂದು ಹೆಂಡತಿಗೆ ಸಾರಿದೆ. ದೂರ ಸುಮಾರು 14,000 ಕಿಲೋಮೀಟರ್ ಅಂತ ಗೊತ್ತಿತ್ತು. ಹಾಗಾದರೆ ವಿಮಾನ ಗಂಟೆಗೆ ಮೂರೂವರೆ ಸಾವಿರ ಕಿಲೋಮೀಟರ್ ಓಡಬೇಕಲ್ಲ ಎಂಬ ಅನುಮಾನವಾದರೂ ಬರಬಾರದೇ? ಬರಲಿಲ್ಲ. ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಸಂಬಳ ತಿಂದ ತಲೆ ಸ್ವಾಮಿ ಇದು.

ಪಕ್ಕದ ಮನೆ ಹುಡುಗನ ಗ್ಲೋಬಿನ ಮೇಲೆ ಹೂ ಕಟ್ಟುವ ದಾರ ಎಳೆದು ನೋಡಿದೆ. ಹತ್ತಿರದ ದಾರಿ ಉತ್ತರ ಧ್ರುವ ಪ್ರದೇಶದಲ್ಲೇ ಹಾದುಹೋಗುತ್ತಿತ್ತು! ಸರಿ, ಎರಡು ಸ್ವೆಟರ್, ಒಂದು ಮಂಕಿ ಕ್ಯಾಪು ಏರಿಸಿಕೊಂಡು ಏಪ್ರಿಲ್ ಬಿಸಿಲಲ್ಲಿ ದೇವನಹಳ್ಳಿಗೆ ಹೋದೆ. ವಿಮಾನವೋ, ಪಶ್ಚಿಮದಿಂದ ಬೀಸುವ ಮೇಲ್ಗಾಳಿ ಬೆನ್ನಿಗಿರಲೆಂದು ಪೂರ್ವಕ್ಕೆ ತಿರುಗಿ ಪೆಸಿಫಿಕ್ ಸಾಗರದ ದಾರಿ ಹಿಡಿಯಿತು.

ಶನಿವಾರ ನನ್ನದು ಒಪ್ಪತ್ತು. ಬೆಳಗ್ಗೆಯೇ ಉಂಡಿದ್ದೆನಲ್ಲ, ಇನ್ನೇನಿದ್ದರೂ ರಾತ್ರಿ ಮಗನ ಮನೆಯಲ್ಲಿ ಫಲಾಹಾರ ಎಂದು ಗಗನಸಖಿ ತಂದ ಊಟವನ್ನು ಗತ್ತಿನಿಂದ ವಾಪಸ್ ಕಳಿಸಿದೆ. ಕೈಗಡಿಯಾರದಲ್ಲಿ ಆರಾಯಿತು, ಹೊರಗೆ ಕತ್ತಲಾಯಿತು. ಚೀಲ ಹೆಗಲಿಗೇರಿಸಿ ಬಾಗಿಲ ಹತ್ತಿರ ಹೋಗಿ ನಿಂತೆ. ಮೆಜೆಸ್ಟಿಕ್ ಬರುವ ಮುಂಚೆ ಏಳುತ್ತೀವಲ್ಲ, ಹಾಗೆ. ಆಕೆ ಬಂದು ಮೆಲ್ಲಗೆ ಹೇಳಿದಳು: 'ಸರ್, ಇಳಿಯೋದಕ್ಕೆ ಇನ್ನೂ ಹನ್ನೆರಡೂವರೆ ಗಂಟೆ ಇದೆ.' ಅಷ್ಟೂ ಸಾಲಿನವರು ನನ್ನ ಮಂಕಿ ಕ್ಯಾಪನ್ನೇ ನೋಡುತ್ತಿದ್ದರು.

ಹಸಿವು ತಡೆದುಕೊಂಡು ಕೂತೆ. ಅಂತೂ ಸೂರ್ಯ ಹುಟ್ಟಿದ. ಭಾನುವಾರ ಬಂತು, ವ್ರತ ಮುಗಿಯಿತು ಎಂದು ಬನ್ ಬಾಯಿಗಿಡುವಷ್ಟರಲ್ಲಿ ಪಕ್ಕದ ಸೀಟಿನ ಹುಡುಗಿ ಪರದೆಯ ಮೇಲಿನ ನಕಾಶೆ ತೋರಿಸಿದಳು. 'ಅಂಕಲ್, ದಿನರೇಖೆ ದಾಟಿದ್ವಿ. ಈಗ ಮತ್ತೆ ಶನಿವಾರ!' ಶನಿ ಬೆನ್ನು ಹತ್ತುವುದು ಏಳೂವರೆ ವರ್ಷ ಅಂತ ಕೇಳಿದ್ದೆ. ನನಗೆ ಒಂದೇ ದಿನ, ಮೂವತ್ತಾರೂವರೆ ಗಂಟೆ. ಮಗನ ಮನೆ ಸೇರಿದಾಗಲೂ ಸೂರ್ಯ ಮುಳುಗಿರಲಿಲ್ಲ. ಸೊಸೆ ಉಪ್ಪಿಟ್ಟು ಮುಚ್ಚಿಟ್ಟುಕೊಂಡು ನನ್ನ ಜೊತೆ ಕಿಟಕಿ ನೋಡುತ್ತಾ ನಿಂತಳು.

ಬರುವಾಗ ಬುದ್ಧಿವಂತನಾಗಿದ್ದೆ. ಶುಕ್ರವಾರ ರಾತ್ರಿ 9ಕ್ಕೆ ಹೊರಡುವ ವಿಮಾನ, ಬೆಂಗಳೂರಿಗೆ ಬೆಳಗಿನ ಜಾವ ಎರಡೂವರೆಗೆ. 'ಶನಿವಾರ ಬೆಳಗಿನ ಜಾವ ಕಾರು ತಾ' ಎಂದು ತುಮಕೂರಿನ ಭಾವಮೈದನಿಗೆ ಖಡಾಖಂಡಿತವಾಗಿ ಹೇಳಿದೆ. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಿದ್ದಾಗ ಅವನ ಫೋನು: 'ಭಾವ, ಎಲ್ಲರೂ ಆಚೆ ಬಂದ್ರು, ನೀವೆಲ್ಲಿ?'

ನನ್ನ ವಿಮಾನ ಹೊರಡುವುದಕ್ಕೇ ಇನ್ನೂ ಏಳು ಗಂಟೆ ಇತ್ತು.