ಮರಳುಗುಂಡಿಯ ಬೀಗದಕೈ ಯಾರ ಹತ್ತಿರ ಇದೆಯೋ ಅವರಿಗೆ

ಮಾನ್ಯರೇ,

ಮೂರರಿಂದ ಆರು ವರ್ಷದ ಮಕ್ಕಳಿಗೆ ಮರಳು ಮತ್ತು ನೀರಿಗಿಂತ ಅಗ್ಗದ ಪಾಠೋಪಕರಣ ಇನ್ನೊಂದಿಲ್ಲ. ಎರಡಕ್ಕೂ ಸ್ವಂತ ಆಕಾರವಿಲ್ಲ, ಹೀಗೇ ಆಡಬೇಕೆಂಬ ಕಟ್ಟಳೆಯೂ ಇಲ್ಲ. ಒಣ ಮರಳು ಬೆರಳ ಸಂದಿನಿಂದ ಸೋರಿಹೋಗುತ್ತದೆ. ಅದಕ್ಕೆ ಒಂದಿಷ್ಟು ನೀರು ಚಿಮುಕಿಸಿದರೆ ಕಣಗಳ ನಡುವೆ ನೀರು ತೆಳುವಾಗಿ ಅಂಟಿಕೊಂಡು, ಅದರ ಮೇಲ್ಮೈ ಸೆಳೆತಕ್ಕೆ ಮರಳು ಗಟ್ಟಿಯಾಗಿ ನಿಲ್ಲುತ್ತದೆ. ನೀರು ಹೆಚ್ಚಾದರೆ ಆ ಹಿಡಿತ ತಪ್ಪಿ ಕಟ್ಟಿದ್ದೆಲ್ಲ ಕುಸಿಯುತ್ತದೆ. ಪಾದದ ಮೇಲೆ ಹಸಿ ಮರಳು ಮೆತ್ತಿ, ತಟ್ಟಿ, ಮೆಲ್ಲಗೆ ಕಾಲು ಎಳೆದುಕೊಂಡು ಗುಬ್ಬಿಗೂಡು ಮಾಡುವ ಮಗುವಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗೂಡು ಕುಸಿದಾಗಲೆಲ್ಲ ಅದು ನೀರಿನ ಅಳತೆ ತಿದ್ದಿಕೊಳ್ಳುತ್ತದೆ. ಮರಳಿಗೆ ಬೀಗ ಹಾಕಿರಬಾರದು, ಅಷ್ಟೇ.

ಮರಳಿಗೂ ವಿದ್ಯೆಗೂ ಇರುವ ನಂಟು ಪ್ಲೇಹೋಮುಗಳಿಗಿಂತ ಬಹಳ ಹಳೆಯದು. ನಮ್ಮ ಕಡೆಯ ಹಳೆಯ ಮಠಗಳಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರವಿಕೊಂಡು ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮದ್ರಾಸಿನ ಸೈನಿಕ ಅನಾಥಾಲಯಕ್ಕೆ 1789ರಲ್ಲಿ ಮೇಲ್ವಿಚಾರಕನಾದ ಆಂಡ್ರ್ಯೂ ಬೆಲ್, ದೇಶೀ ಶಾಲೆಯೊಂದರಲ್ಲಿ ಇದನ್ನು ಕಂಡು ತನ್ನಲ್ಲಿದ್ದ ಹುಡುಗರಿಗೂ ಮರಳಿನ ಮೇಲೆ ಬರೆಯಲು ಕಲಿಸಿದ. ಅವನ ವರದಿ 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮದ್ರಾಸ್ ಪದ್ಧತಿ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಶಾಲೆಗಳಿಗೆ ಮರಳೂ ಹೋಯಿತು. ಆಮೇಲೆ ಬರ್ಲಿನ್ನಿನ ಉದ್ಯಾನಗಳಲ್ಲಿ ಮಕ್ಕಳಿಗೆಂದೇ ಮರಳರಾಶಿ ಹಾಕತೊಡಗಿದರು. ಅದನ್ನು ಕಂಡ ವೈದ್ಯೆ ಮೇರಿ ಜಕ್ಷೆವ್‌ಸ್ಕಾ ಬಾಸ್ಟನ್ನಿಗೆ ಒಂದು ಪತ್ರ ಬರೆದಳು. 1885ರಲ್ಲಿ ಅಲ್ಲಿನ ಬಡ ಬೀದಿಗಳ ಮಕ್ಕಳಿಗೆ ಮರಳು ಬಂತು; ಅಮೆರಿಕದ ಸಾರ್ವಜನಿಕ ಆಟದ ಮೈದಾನಗಳ ಚರಿತ್ರೆಯನ್ನು ಅಲ್ಲಿಂದಲೇ ಶುರುಮಾಡುವುದುಂಟು. ಒಂದು ಪತ್ರಕ್ಕೆ ಮರಳು ಬಂದ ನಿದರ್ಶನ ಇತಿಹಾಸದಲ್ಲಿದೆ ಎಂಬುದನ್ನು ಮಾನ್ಯರು ದಯವಿಟ್ಟು ಗಮನಿಸುವುದು.

ಈಗ ಅದೇ ಮರಳು ‘ಸೆನ್ಸರಿ ಪ್ಲೇ’ ಎಂದು ಹೆಸರು ಬದಲಿಸಿಕೊಂಡು, ಟರ್ಮ್ ಫೀಸಿನ ಜೊತೆಗೆ, ಬೆಂಗಳೂರಿನ ಬಡಾವಣೆಗಳಿಗೆ ವಾಪಸು ಬಂದಿದೆ. ಹೆಸರು ಬೇಡದ ಒಂದು ಸಂಸ್ಥೆಯ ಬ್ರೋಷರಿನಲ್ಲಿ ಹೊಂಗೂದಲಿನ ಮಗುವೊಂದು ಕೆಂಪು ಬಕೆಟ್ ಹಿಡಿದು ಮರಳಲ್ಲಿ ಕೂತು ನಗುತ್ತಿದೆ. ಆ ಸಂಸ್ಥೆಯ ಮರಳಿನಲ್ಲಿ ಇದುವರೆಗೆ ಆಡಿರುವುದು ಆ ಮಗು ಒಂದೇ.

ಮರಳು-ನೀರಿನ ಆಟದ ಮೊದಲ ಲಾಭ ಕೈಗೆ. ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಹುಟ್ಟುವಾಗ ಎಂಟೂ ಮೃದ್ವಸ್ಥಿ. ಅವು ವರ್ಷಗಟ್ಟಲೆ ಒಂದೊಂದಾಗಿ ಮೂಳೆಯಾಗುತ್ತ ಹೋಗುತ್ತವೆ, ಕೊನೆಯದರ ಸರದಿ ಬರುವಾಗ ಮಗು ಪ್ರೈಮರಿಯ ಮೇಲಿನ ತರಗತಿಗಳಲ್ಲಿರುತ್ತದೆ. ಇಂಥ ಕೈಗೆ ಮೂರೂವರೆ ವರ್ಷಕ್ಕೇ ನಾಲ್ಕು ಗೆರೆಯ ಕಾಪಿ ಪುಸ್ತಕ ಕೊಟ್ಟು, ಅಕ್ಷರ ಗೆರೆ ದಾಟಿತೆಂದು ಡೈರಿಯಲ್ಲಿ ಕೆಂಪು ಶಾಯಿಯ ಷರಾ ಬರೆಯುವುದು ವಾಡಿಕೆ. ನೀರಿನ ಟಬ್ಬಿನ ಮುಂದೆ ಅದೇ ಕೈ ಏನು ಮಾಡುತ್ತದೆ ನೋಡಬೇಕು. ಎಡಗೈ ಲಾಳಿಕೆಯನ್ನು ಬಾಟಲಿಯ ಬಾಯಿಗೆ ಒತ್ತಿ ಹಿಡಿದಿರುತ್ತದೆ. ಬಲಗೈ ಮಗ್ಗನ್ನು ಎತ್ತಿ, ಮಣಿಕಟ್ಟು ತಿರುಗಿಸಿ, ನೀರು ಅಂಚಿಗೆ ಬಂದಾಗ ತಡೆದು, ಸಣ್ಣ ಧಾರೆಯಾಗಿ ಹೊಯ್ಯುತ್ತದೆ. ಕಣ್ಣು ಬಾಟಲಿಯ ಮೇಲೆ, ನಾಲಿಗೆ ತುಟಿಯ ಹೊರಗೆ. ಎರಡು ಕೈ ಎರಡು ಕೆಲಸವನ್ನು ಒಟ್ಟಿಗೆ ಮಾಡಲು ಕಲಿಯುವುದು ಹೀಗೆ. ಒದ್ದೆ ಸ್ಪಂಜು ಹಿಂಡುವುದು, ಹಸಿ ಮರಳು ತೋಡುವುದು, ಬಟ್ಟಲು ಬೋರಲು ಹಾಕಿ ಇಡ್ಲಿ ಮಾಡುವುದು, ಎಲ್ಲವೂ ಮುಂದೆ ಪೆನ್ಸಿಲ್ ಹಿಡಿಯುವ ಬೆರಳಿಗೆ ಬಲ ತುಂಬುವ ಕೆಲಸಗಳೇ.

ಎರಡನೆಯದು ಲೆಕ್ಕ. ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆಯ ಪ್ರಸಿದ್ಧ ಪ್ರಯೋಗವೊಂದಿದೆ. ಒಂದೇ ರೀತಿಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ಮಗುವಿನ ಕಣ್ಣೆದುರೇ ಒಂದರ ನೀರನ್ನು ಉದ್ದನೆಯ ಸಪೂರ ಲೋಟಕ್ಕೆ ಸುರಿದರೆ, ನಾಲ್ಕು ವರ್ಷದ ಮಗು ಸಾಮಾನ್ಯವಾಗಿ ಉದ್ದ ಲೋಟದಲ್ಲೇ ನೀರು ಜಾಸ್ತಿ ಎನ್ನುತ್ತದೆ. ಪಾತ್ರೆ ಬದಲಾದರೂ ಪ್ರಮಾಣ ಬದಲಾಗದು ಎಂಬ ತಿಳಿವಳಿಕೆ ಗಟ್ಟಿಯಾಗುವುದು ಹೆಚ್ಚುಕಡಿಮೆ ಏಳರ ಹೊತ್ತಿಗೆ. ಬೋರ್ಡಿನ ಮೇಲೆ ಬರೆದು ತೋರಿಸಿದರೆ ಅದು ಬೇಗ ಬರುವುದಿಲ್ಲ. ಸುರಿದು, ಮತ್ತೆ ಸುರಿದು, ಕರಟದಲ್ಲಿ ತುಂಬಿ, ಚೆಂಬಿಗೆ ಹೊಯ್ದು ನೋಡಿದ ಅನುಭವ ಅದರ ಹಿಂದಿರಬೇಕು. ದೊಡ್ಡವರಲ್ಲೂ ಕೆಲವರು ಈ ಹಂತ ದಾಟಿರುವುದಿಲ್ಲ. ಕಳೆದ ವರ್ಷದ ‘ಆಕ್ಟಿವಿಟಿ ಫೀಸ’ನ್ನು ಈ ವರ್ಷ ‘ಸೆನ್ಸರಿ ಡೆವಲಪ್‌ಮೆಂಟ್ ಚಾರ್ಜಸ್’ ಎಂಬ ಉದ್ದ ಹೆಸರಿಗೆ ಸುರಿದು, ಮಗುವಿಗೆ ಸಿಗುವುದು ಜಾಸ್ತಿಯಾಯಿತು ಎಂದು ಪೋಷಕರ ಸಭೆಯಲ್ಲಿ ವಿವರಿಸಿದ ಆಡಳಿತ ಮಂಡಳಿಯನ್ನು ಒಂದು ವಾರ ಟಬ್ಬಿನ ಮುಂದೆ ಕೂರಿಸಬೇಕು.

ಭಾಷೆ ಮತ್ತು ಒಡನಾಟದ ಮಾತು ಚಿಕ್ಕದು. ಸುರಿ, ಚೆಲ್ಲು, ತುಳುಕು, ಸೋರು, ತೊಟ್ಟಿಕ್ಕು, ಮುಳುಗು, ತೇಲು ಇವೆಲ್ಲ ಚಿತ್ರಪಟದಿಂದ ಬರುವ ಮಾತುಗಳಲ್ಲ. ಪಕ್ಕಪಕ್ಕದಲ್ಲಿ ಕೂತು ತಮ್ಮ ಪಾಡಿಗೆ ತಾವು ಆಡುವ ಮಕ್ಕಳು ಕ್ರಮೇಣ ಕೂಡಿ ಆಡತೊಡಗುವುದನ್ನು ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ಹಂತಹಂತವಾಗಿ ಗುರುತಿಸಿದ್ದಳು. ಒಂದು ಸಲಿಕೆ, ಇಬ್ಬರು ಮಕ್ಕಳು ಇದ್ದರೆ ಜಗಳವೂ ಆಗುತ್ತದೆ, ರಾಜಿಯೂ ಆಗುತ್ತದೆ. ಮೂರರಿಂದ ಎಂಟು ವರ್ಷದವರ ಕಲಿಕೆಗೆ ಆಟವೇ ಆಧಾರ ಎಂದು 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಹೇಳುತ್ತದೆ. ಅದನ್ನು ಓದಿರುವುದಾಗಿ ಬ್ರೋಷರಿನ ಎರಡನೆಯ ಪುಟದಲ್ಲಿ ಘೋಷಣೆ ಇದೆ. ಹೊಂಗೂದಲಿನ ಮಗು ಅದರ ಪಕ್ಕದಲ್ಲೇ ಇದೆ.

ಇನ್ನು ಬೀಗ.

ಆಷಾಢದ ಒಂದು ಶನಿವಾರ ‘ಸ್ಯಾಂಡ್ ಅಂಡ್ ವಾಟರ್ ಡೇ’ ಎಂದು ವಾಟ್ಸಾಪ್ ಸಂದೇಶ ಬರುತ್ತದೆ. ಒಂದು ಜೊತೆ ಬಟ್ಟೆ, ಟವೆಲ್, ಒಪ್ಪಿಗೆ ಪತ್ರ ತರತಕ್ಕದ್ದು. ತಂದೆ ತಾಯಿ ಅರ್ಧ ದಿನ ರಜೆ ಹಾಕಿ ಬರುತ್ತಾರೆ. ಮಕ್ಕಳು ಸಾಲಾಗಿ ಕೂರುತ್ತಾರೆ. ಹತ್ತು ಗಂಟೆ, ಹನ್ನೊಂದು, ಹನ್ನೊಂದೂವರೆ. ವಿಚಾರಿಸಿದರೆ ಬೀಗದಕೈ ಮೇಡಂ ಹತ್ತಿರ ಇದೆ, ಮೇಡಂ ಇನ್ನೊಂದು ಬ್ರಾಂಚಿಗೆ ಹೋಗಿದ್ದಾರೆ, ಫೋನ್ ತೆಗೆಯುತ್ತಿಲ್ಲ. ಕೊನೆಗೆ ಗುಂಡಿಯ ಕಂಬಿಬೇಲಿಯ ಮುಂದೆ ಮಕ್ಕಳನ್ನು ನಿಲ್ಲಿಸಿ, ಒಬ್ಬೊಬ್ಬರ ಕೈಗೂ ಅದೇ ಕೆಂಪು ಬಕೆಟ್ ಕೊಟ್ಟು, ಫೋಟೋ ತೆಗೆದು ಕಳಿಸಲಾಗುತ್ತದೆ. ಬಕೆಟ್ ವಾಪಸು. ಸಂಜೆ ಗ್ರೂಪಿನಲ್ಲಿ ‘ಲಿಟಲ್ ಎಕ್ಸ್‌ಪ್ಲೋರರ್ಸ್’ ಎಂಬ ಶೀರ್ಷಿಕೆ. ಅರ್ಧ ದಿನ ಕಾದು ಮರಳನ್ನು ಮುಟ್ಟದೆ ಮನೆಗೆ ಬಂದ ಮಗುವಿಗೆ ಏನು ಹೇಳಬೇಕೆಂದು ಶೀರ್ಷಿಕೆ ಬರೆದವರೇ ಬಂದು ಹೇಳಲಿ. ಇದು ಮರೆವೂ ಅಲ್ಲ, ಅನಾನುಕೂಲವೂ ಅಲ್ಲ. ದುಡ್ಡು ತೆಗೆದುಕೊಂಡು ಮಕ್ಕಳಿಗೆ ಮಾಡುವ ಮೋಸ.

ಬೀಗಕ್ಕೆ ಕೊಡುವ ಕಾರಣ ಆರೋಗ್ಯ. ಗುಂಡಿಯ ಮೇಲೆ ನೀಲಿ ಟಾರ್ಪಾಲು ಹೊದಿಸಿದೆ. ಮಳೆಗೆ ಅದರ ನಡುವೆ ಜೋಲು ಬಿದ್ದು ನೀರು ನಿಂತಿದೆ. ಬೇಲಿಯ ಹೊರಗಿನಿಂದ ಬಗ್ಗಿ ನೋಡಿದರೆ ಆ ನೀರಿನಲ್ಲಿ ಎಳೆಯಂಥ ಹುಳುಗಳು ತಲೆಕೆಳಗಾಗಿ ತೂಗಾಡುತ್ತ, ನೆರಳು ಬಿದ್ದ ಕೂಡಲೇ ಸೊಟ್ಟಪಟ್ಟ ಕುಣಿದು ತಳಕ್ಕೆ ಇಳಿಯುತ್ತವೆ. ಸೊಳ್ಳೆಯ ಲಾರ್ವಾ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೀಗೆ ನಿಂತ ತಿಳಿನೀರೇ ಪ್ರೀತಿ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಸಂಸ್ಥೆಯಲ್ಲಿ ದಿನವೂ ನೀರಾಟದ ಅವಕಾಶ ಸಿಕ್ಕಿರುವುದು ಇವಕ್ಕೆ ಮಾತ್ರ, ಫೀಸೂ ಇಲ್ಲದೆ.

ಜಾಗವೇ ಇಲ್ಲದವರ ಮಾತು ಬೇರೆ. 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ನಗರದ ಎಷ್ಟೋ ಕೇಂದ್ರಗಳು ಇವತ್ತಿಗೂ ಬಾಡಿಗೆಯ ಒಂದೇ ಕೋಣೆಯಲ್ಲಿವೆ. ಅಲ್ಲಿ ಬೀಗ ಹಾಕಲು ಮರಳೇ ಇಲ್ಲ. ಅಗಲವಾದ ಒಂದು ಬೇಸಿನ್, ನಾಲ್ಕು ಕರಟ, ತಳಕ್ಕೆ ತೂತು ಕೊರೆದ ಒಂದು ಡಬ್ಬಿ ಇದ್ದರೆ ಅಷ್ಟರಲ್ಲೇ ನೀರಾಟ ನಡೆಯುತ್ತದೆ. ಕರಟ ತೇಲುತ್ತದೆ, ನೀರು ತುಂಬಿದರೆ ಮುಳುಗುತ್ತದೆ, ಯಾಕೆ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ.

ಬೀಗದ ಬದಲಿಗೆ ಎಸಿ ಕೋಣೆಯಲ್ಲಿ ‘ಕೈನೆಟಿಕ್ ಸ್ಯಾಂಡ್’ ಕೊಡುವ ಪ್ರಸ್ತಾಪವಿದೆಯಂತೆ. ಅದು ಶೇ. 98ರಷ್ಟು ಮರಳು, ಶೇ. 2ರಷ್ಟು ಸಿಲಿಕೋನ್ ಎಣ್ಣೆ. ಮೆತ್ತಗಿರುತ್ತದೆ, ಚೆಲ್ಲಾಡುವುದಿಲ್ಲ, ಒಣಗುವುದಿಲ್ಲ, ಹೆಚ್ಚಿಗೆ ಕುಸಿಯುವುದೂ ಇಲ್ಲ. ಅಂದರೆ ನೀರು ಎಷ್ಟು ಬೇಕೆಂದು ಮಗು ತೀರ್ಮಾನಿಸುವ ಕೆಲಸವನ್ನು ಕಾರ್ಖಾನೆಯೇ ಮುಗಿಸಿ ಕಳಿಸಿರುತ್ತದೆ. ಟೇಬಲ್ಲಿಗೆ ಒಳ್ಳೆಯದು.

ಗುಂಡಿ ನೋಡಿಕೊಳ್ಳುವುದು ಬ್ರಹ್ಮವಿದ್ಯೆಯಲ್ಲ. ತಳಕ್ಕೆ ಜಲ್ಲಿ ಹಾಕಿ ನೀರು ಬಸಿಯಲು ದಾರಿ ಬಿಟ್ಟು, ಮೇಲೆ ಒಂದಡಿಗೆ ಕಡಿಮೆಯಿಲ್ಲದಂತೆ ತೊಳೆದ ನದಿ ಮರಳು ತುಂಬಬೇಕು. ಮನೆ ಕಟ್ಟುವ ಎಂ-ಸ್ಯಾಂಡ್ ಬೇಡ. ಕಲ್ಲು ಪುಡಿಮಾಡಿದ ಅದರ ಕಣಕ್ಕೆ ಚೂಪು ಅಂಚು, ನುಣ್ಣನೆಯ ಧೂಳು ಬೇರೆ. ರಾತ್ರಿ ಬೆಕ್ಕು ಗಲೀಜು ಮಾಡದಂತೆ ಜಾಲರಿ ಮುಚ್ಚಬೇಕು. ಟಾರ್ಪಾಲಾದರೆ ನೀರು ನಿಲ್ಲದಂತೆ ಇಳಿಜಾರಾಗಿ ಕಟ್ಟಬೇಕು. ಬೆಳಿಗ್ಗೆ ಕೆದಕಿ ಕಸ, ಗಾಜಿನ ಚೂರು ಇದೆಯೇ ನೋಡಿ ಬಿಸಿಲು ತಾಗಿಸಬೇಕು. ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಬೇಕು. ಕಣ್ಣಿಗೆ ಮರಳು ಬಿದ್ದರೆ ಉಜ್ಜಲು ಬಿಡದೆ ಶುದ್ಧ ನೀರು ಹನಿಸಬೇಕು. ನೀರಿನ ವಿಷಯದಲ್ಲಿ ಮಾತ್ರ ಸಡಿಲ ಇಲ್ಲ. ಎರಡಿಂಚು ನೀರಿನಲ್ಲೂ ಪುಟ್ಟ ಮಗು ಮುಳುಗಬಹುದು, ಅದೂ ಸದ್ದಿಲ್ಲದೆ. ಆದ್ದರಿಂದ ಟಬ್ಬಿನ ಪಕ್ಕ ಕೈಗೆಟಕುವ ದೂರದಲ್ಲಿ ಒಬ್ಬರು ಫೋನ್ ನೋಡದೆ ಕೂತಿರಬೇಕು. ಎಲ್ಲರೂ ಎದ್ದ ಕೂಡಲೇ ನೀರು ಚೆಲ್ಲಿ ಟಬ್ ಬೋರಲು ಹಾಕಬೇಕು.

ಬೀಗದಕೈ ಆಯಾ ಹತ್ತಿರ ಇರಲಿ. ಅವರು ಬೆಳಿಗ್ಗೆ ಎಂಟಕ್ಕೇ ಬರುತ್ತಾರೆ, ಬೇರೆ ಬ್ರಾಂಚಿಗೆ ಹೋಗುವುದಿಲ್ಲ. ಟಾರ್ಪಾಲಿನ ಮೇಲಿನ ನೀರನ್ನು ಈ ಪತ್ರ ಓದಿದ ದಿನವೇ ಚೆಲ್ಲಿಸುವುದು. ‘ಬಟ್ಟೆ ಕೊಳೆಯಾಗುತ್ತದೆಂದು ಪೋಷಕರೇ ದೂರುತ್ತಾರೆ’ ಎಂಬ ಉತ್ತರ ಈಗಾಗಲೇ ಟೈಪಾಗಿರಬಹುದು. ಬಟ್ಟೆ ಒಗೆಯುವುದು ಪೋಷಕರ ಪಾಡು, ಅದಕ್ಕೆ ಸಂಸ್ಥೆ ಬೇರೆ ಚಾರ್ಜು ಹಾಕುವ ಅಗತ್ಯವಿಲ್ಲ.

ಇತಿ,
ಫೀಸು ಪೂರ್ತಿ ಕಟ್ಟಿ ರಸೀದಿ ಇಟ್ಟುಕೊಂಡಿರುವ ಒಬ್ಬ ಪೋಷಕ